ತುಂಡಾಗದ ಸರ

ಹೇಮಲತಾ ಮಾಡಿದ ಸರ ಕಿತ್ತುಹೋಯಿತು ಎಂದು ಯಾರೂ ಹೇಳಿದ್ದಿಲ್ಲ. ಬಣ್ಣ ಮಾಸಿದ್ದುಂಟು, ಮಣಿಯ ಹೊಳಪು ಹೋದದ್ದುಂಟು. ದಾರ ಮಾತ್ರ ಹಾಗೇ ಇರುತ್ತಿತ್ತು. ಅವಳಿಗೆ ಅದೊಂದು ಹೆಮ್ಮೆ.

ಮಾದಿಹಳ್ಳಿಯ ಮನೆಯಲ್ಲಿ ಬೆಳಗಿನ ಹಾಲು ಡೈರಿಗೆ ಹಾಕಿ, ಅಡುಗೆ ಮುಗಿಸಿದರೆ ಸಂಜೆ ಮತ್ತೆ ಹಸುಗಳ ಹತ್ತಿರ ಹೋಗುವವರೆಗೆ ಎರಡು ಗಂಟೆ ಬಿಡುವು. ಆ ಎರಡು ಗಂಟೆ ಅವಳು ಜಗುಲಿಯ ಮೇಲೆ ಚಾಪೆ ಹಾಸಿ ಕೂರುತ್ತಿದ್ದಳು. ಟೈಲರ್ ಅಂಗಡಿಯಿಂದ ಕೇಳಿ ತಂದ ಬಟ್ಟೆ ಚೂರು, ಮದುವೆ ಕಾರ್ಡಿನ ರಟ್ಟು, ಜರಿ ದಾರ, ಹಾಸನದಿಂದ ತಂದ ಮಣಿ. ಅದರಲ್ಲೇ ಜುಮುಕಿ, ಬಳೆ, ಕೊರಳ ಸರ. ಯಾವುದನ್ನೂ ಮಾರಿದವಳಲ್ಲ. ಮಾಡಿ ಮುಗಿಸಿದ ಮೇಲೆ ಯಾರಿಗೆ ಒಪ್ಪುತ್ತದೋ ಅವರಿಗೆ ಕೊಟ್ಟುಬಿಡುತ್ತಿದ್ದಳು. ಗಂಡ ಶಿವಪ್ರಕಾಶ್ ತೋಟದಿಂದ ಬಂದವನು ಚಾಪೆ ದಾಟುವಾಗ, “ನಿನ್ ಸೂಜಿ ಒಂದಿನ ನನ್ ಕಾಲಿಗೆ ಹೋಗ್ತದೆ ನೋಡು” ಎಂದು ಗೊಣಗುತ್ತಿದ್ದ. ಅದಕ್ಕಿಂತ ಹೆಚ್ಚು ಏನೂ ಅನ್ನುತ್ತಿರಲಿಲ್ಲ.

ಈ ಹುಚ್ಚಿಗೆ ಅವಳಿಗೆ ಜೊತೆಯಾದವಳು ದರ್ಶಿನಿ. ಹಳೇಬೀಡಿನ ಬಸ್ತಿಹಳ್ಳಿಯ ಜೈನರ ಮನೆಯ ಸೊಸೆ. ಗಂಡ ಅಕಲಂಕನದು ಕಿರಾಣಿ ಅಂಗಡಿ. ಒಂಬತ್ತು ವರ್ಷದ ಹಿಂದೆ ಹೊಲಿಗೆ ತರಗತಿಯಲ್ಲಿ ಒಂದೇ ಮಿಷನ್ನಿಗೆ ಇಬ್ಬರನ್ನೂ ಹಾಕಿದ್ದರಿಂದ ಪರಿಚಯವಾಗಿ, ತರಗತಿ ಮುಗಿದರೂ ಬುಧವಾರದ ಮಧ್ಯಾಹ್ನ ಒಬ್ಬರ ಮನೆಗೆ ಒಬ್ಬರು ಹೋಗುವುದು ನಿಂತಿರಲಿಲ್ಲ. ದರ್ಶಿನಿಯ ಕಸೂತಿ ಬಲು ನಾಜೂಕು. ವಯಸ್ಸಿನಲ್ಲಿ ಆರು ವರ್ಷ ಚಿಕ್ಕವಳಾದ ಅವಳು ಹೇಮಲತಾಳನ್ನು ಹೇಮಕ್ಕ ಎನ್ನುತ್ತಿದ್ದಳು.

ಆ ವರ್ಷ ಹೇಮಲತಾ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿದಳು. ಹಳೇಬೀಡಿನ ದೇವಸ್ಥಾನದ ಹೊರಗೋಡೆಯ ಮೇಲೆ ಒಂದು ಹೆಣ್ಣಿನ ವಿಗ್ರಹ. ಅದರ ಕೊರಳಲ್ಲಿ ಅಗಲವಾದ ಹಾರ, ಮೂರು ಸಾಲು, ಕೆಳಗೆ ಜೋಲುವ ಮೊಗ್ಗುಗಳು. ಚಿಕ್ಕಂದಿನಿಂದ ನೋಡಿದ್ದೇ. ಒಂದು ದಿನ ನೋಟ್‌ಬುಕ್ಕು ಹಿಡಿದು ಹೋಗಿ ಗೋಡೆಯ ಮುಂದೆ ಕೂತು ಒಂದೊಂದು ಮೊಗ್ಗನ್ನೂ ಬರೆದುಕೊಂಡಳು. ಕಾವಲಿನವನು ಬಂದು, “ಏನ್ ಬರೀತಿದೀರಮ್ಮ” ಎಂದು ಕೇಳಿದ. “ಸರ ಮಾಡ್ಕೊಳಕ್ಕೆ” ಎಂದಳು. ಅವನು ವಿಗ್ರಹವನ್ನೂ ಅವಳನ್ನೂ ನೋಡಿ ಮುಂದೆ ಹೋದ.

ಎರಡು ತಿಂಗಳು ಹಿಡಿಯಿತು. ರಟ್ಟಿನ ಮೊಗ್ಗಿಗೆ ಜರಿ ದಾರ ಸುತ್ತಿ, ಮೇಲೆ ತೆಳುವಾಗಿ ಅಂಟು ಬಳಿದು ಒಣಗಿಸಿದರೆ ಎರಡು ಮಾರು ದೂರದಿಂದ ಥೇಟ್ ಚಿನ್ನ. ಹಿಂದಿನ ಮಕಮಲ್ಲಿನ ಪಟ್ಟಿಯನ್ನು ದರ್ಶಿನಿ ಹೊಲಿದುಕೊಟ್ಟಳು. ಹೇಮಲತಾ ಎಂದಿನಂತೆ ಕೆರೆ ಹತ್ತಿರದ ಅಂಗಡಿಯಿಂದ ಮೀನು ಹಿಡಿಯುವ ಗಾಳದ ನೈಲಾನ್ ದಾರ ತಂದು, ಇಷ್ಟು ಭಾರದ ಹಾರಕ್ಕೆ ಒಂದೆಳೆ ಸಾಲದೆಂದು ನಾಲ್ಕು ಎಳೆ ಕೂಡಿಸಿ ಪೋಣಿಸಿದಳು. ಗಾಳದ ದಾರ ಎನ್ನುವುದನ್ನು ದರ್ಶಿನಿಗೆ ಯಾವತ್ತೂ ಹೇಳಿರಲಿಲ್ಲ. ಇರುವೆ ಕಂಡರೆ ಪಕ್ಕಕ್ಕೆ ಕಾಲಿಡುವ ಮನೆ ಅದು. ಹೇಳಿದರೆ ಮುಟ್ಟುತ್ತಾಳೋ ಇಲ್ಲವೋ ಎಂಬ ಅಳುಕು.

ಹಾರ ದರ್ಶಿನಿಗೇ ಒಪ್ಪಿತು. ಮಾರ್ಚಿ ತಿಂಗಳಲ್ಲಿ ಅವಳ ನಾದಿನಿಯ ಮಗಳ ಮದುವೆ, ಜಾವಗಲ್ಲಿನ ಛತ್ರದಲ್ಲಿ. ಅಕಲಂಕನೂ ಅವನ ತಾಯಿ ಕಾಂಚನಮಾಲಾ ಅವರೂ ಎರಡು ದಿನ ಮೊದಲೇ ಹೋಗಿದ್ದರು. ತನ್ನ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎಂದು ದರ್ಶಿನಿ ಮುಹೂರ್ತದ ದಿನ ಬೆಳಿಗ್ಗೆ ಹೇಮಲತಾಳ ಸ್ಕೂಟರಿನಲ್ಲಿ ಹೊರಟಳು. ಹಸಿರು ರೇಷ್ಮೆ ಸೀರೆ, ಅದರ ಮೇಲೆ ಈ ಹಾರ.

ಛತ್ರದಲ್ಲಿ ಹೆಂಗಸರು ದರ್ಶಿನಿಯನ್ನು ಸುತ್ತುವರಿದದ್ದನ್ನು ಹೇಮಲತಾ ದೂರದಿಂದ ನೋಡಿದಳು. ಒಬ್ಬರು ಹಾರವನ್ನು ಬೆರಳಲ್ಲಿ ಎತ್ತಿ ನೋಡಿದರು, ಇನ್ನೊಬ್ಬರು ಫೋಟೋ ತೆಗೆದರು. ಈಗ ನನ್ನನ್ನು ಕರೆಯುತ್ತಾಳೆ, ಇವರೇ ಮಾಡಿದ್ದು ಎಂದು ತೋರಿಸುತ್ತಾಳೆ ಎಂದು ಹೇಮಲತಾ ಸೆರಗು ಸರಿಮಾಡಿಕೊಂಡು ಕೂತಳು. ಯಾರೂ ಕರೆಯಲಿಲ್ಲ. ಗಲಾಟೆಯಲ್ಲಿ ಮರೆತಿರಬೇಕು ಎಂದುಕೊಂಡು ಊಟಕ್ಕೆ ಎದ್ದಳು.

ಮೂರೂವರೆಗೆ ಇಬ್ಬರೂ ಹಳೇಬೀಡಿನ ಕಡೆಗೆ ಹೊರಟರು. ಬಿಸಿಲು ಚುರುಗುಟ್ಟುತ್ತಿತ್ತು. ರಸ್ತೆಯ ಎರಡೂ ಕಡೆ ರಾಗಿ ಕೊಯ್ದ ಬರಿ ಹೊಲ, ನಡುನಡುವೆ ತೆಂಗಿನ ತೋಟ. ದರ್ಶಿನಿ ಹಿಂದೆ ಕೂತು ಮದುಮಗಳ ಸೀರೆಯ ಅಂಚಿನ ವಿಷಯ ಹೇಳುತ್ತಿದ್ದಳು. ಹಿಂದಿನಿಂದ ಬೈಕಿನ ಸದ್ದು ಬಂತು. ಮುಂದೆ ಹೋಗುವವರೆಂದು ಹೇಮಲತಾ ಎಡಕ್ಕೆ ಸರಿದಳು.

ಸ್ಕೂಟರ್ ಹಗುರಾಯಿತು. ಮೊದಲು ತಿಳಿದದ್ದು ಅದೊಂದೇ. ಮಾತು ಅರ್ಧಕ್ಕೆ ನಿಂತಿತ್ತು. ತಲೆ ಎತ್ತಿದರೆ ಮುಂದೆ ಬೈಕು, ಅದರ ಮೇಲೆ ಹೆಲ್ಮೆಟ್ ಹಾಕಿದ ಇಬ್ಬರು, ಬೈಕಿನ ಪಕ್ಕದಲ್ಲಿ ನೆಲಕ್ಕೆ ಉಜ್ಜುತ್ತಾ ಹೋಗುತ್ತಿರುವ ಹಸಿರು ಸೀರೆ. ಸೀರೆ ಮಾತ್ರ ಸಿಕ್ಕಿಕೊಂಡಿದೆ ಎಂದೇ ಅವಳು ಅಂದುಕೊಂಡಳು. ಸೀರೆಯೊಳಗಿಂದ ಒಂದು ಕೈ ಮೇಲೆದ್ದಿತು. ಆ ಕೈಯಲ್ಲಿ ತಾನೇ ಮಾಡಿಕೊಟ್ಟ ರೇಷ್ಮೆ ದಾರದ ಬಳೆ.

ಹಿಂದೆ ಕೂತವನು ಬಿಡಿಸಿಕೊಳ್ಳಲು ಕೈ ಒದರುತ್ತಿದ್ದ. ಅವನ ಬೆರಳುಗಳು ಹಾರದಲ್ಲಿ ಸಿಕ್ಕಿಕೊಂಡಿದ್ದವು. ಇಪ್ಪತ್ತು ಮಾರು ಹಾಗೆಯೇ ಹೋಯಿತು. ಆಮೇಲೆ ಕೈ ಬಿಡಿಸಿಕೊಂಡನೋ ಏನೋ, ಬೈಕು ಒಮ್ಮೆ ಓಲಾಡಿ ನೇರವಾಗಿ ಜೋರಾಗಿ ಹೊರಟುಹೋಯಿತು. ದರ್ಶಿನಿ ರಸ್ತೆಯ ಮೇಲೆ ಉಳಿದಳು.

ಸ್ಕೂಟರನ್ನು ಎಲ್ಲಿ ಬಿಟ್ಟಳೋ ಹೇಮಲತಾಳಿಗೆ ಇವತ್ತಿಗೂ ನೆನಪಿಲ್ಲ. ಹತ್ತಿರ ಹೋಗಿ ಮಂಡಿಯೂರಿದಾಗ ದರ್ಶಿನಿಯ ಕಣ್ಣು ತೆರೆದೇ ಇತ್ತು. ಬಾಯಿ ತೆರೆದು ಮುಚ್ಚುತ್ತಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಹಾರ ಕೊರಳಲ್ಲೇ ಇತ್ತು. ಒಂದು ಮೊಗ್ಗೂ ಉದುರಿರಲಿಲ್ಲ. ತಿರುಚಿಕೊಂಡು ಚರ್ಮದೊಳಗೆ ಇಳಿದಿತ್ತು.

ಹೇಮಲತಾ ಕೊಂಡಿ ಹುಡುಕಿದಳು, ಸಿಗಲಿಲ್ಲ. ಎರಡೂ ಕೈಯಲ್ಲಿ ದಾರ ಹಿಡಿದು ಜಗ್ಗಿದಳು. ಹಲ್ಲಿನಿಂದ ಕಚ್ಚಿದಳು. ಅವಳದೇ ಗಂಟು, ಅವಳದೇ ನಾಲ್ಕು ಎಳೆ, ಅವಳ ಹಲ್ಲಿಗೂ ಬಗ್ಗಲಿಲ್ಲ. ಅಷ್ಟರಲ್ಲಿ ತೆಂಗಿನಕಾಯಿ ತುಂಬಿದ ಗೂಡ್ಸ್ ಆಟೋ ಬಂದು ನಿಂತಿತು. ಓಡಿಸುತ್ತಿದ್ದ ಮರಿಯಣ್ಣ ಎಂಬಾತ ನೋಡಿದವನೇ ಸೀಟಿನ ಕೆಳಗಿಂದ ಕಾಯಿ ಕೆತ್ತುವ ಮಚ್ಚು ತಂದ. ದಾರದ ಕೆಳಗೆ ಅದರ ತುದಿ ತೂರಿಸಿ ಗರಗಸದಂತೆ ಎಳೆದ.

“ಇದ್ಯಾವ್ ದಾರ ಕಣಕ್ಕ,” ಎಂದ, ಬೆವರು ಒರೆಸಿಕೊಳ್ಳುತ್ತಾ. “ಮಚ್ಚಿಗೂ ಬಗ್ತಾ ಇಲ್ವಲ್ಲ.”

ನಾಲ್ಕನೆಯ ಎಳೆ ಹರಿದಾಗ ದರ್ಶಿನಿ ಒಂದು ಸದ್ದು ಮಾಡಿ ಉಸಿರೆಳೆದುಕೊಂಡಳು. ಅಂಥ ಸದ್ದನ್ನು ಹೇಮಲತಾ ಮನುಷ್ಯರ ಬಾಯಿಂದ ಕೇಳಿರಲಿಲ್ಲ.

ಹಳೇಬೀಡಿನ ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿ ಹಾಸನಕ್ಕೆ ಕಳಿಸಿದರು. ಭುಜದ ಮೂಳೆ ಮುರಿದಿತ್ತು, ಕೊರಳ ಸುತ್ತ ಗಾಯ, ಒಳಗೆ ಊತ. ಜೀವಕ್ಕೆ ಅಪಾಯವಿಲ್ಲ, ದನಿಯ ವಿಷಯ ಈಗಲೇ ಹೇಳಲಾಗುವುದಿಲ್ಲ ಎಂದರು. ಅಕಲಂಕ ಮದುವೆಯ ಪಂಚೆಯಲ್ಲೇ ಬಂದಿದ್ದ. ಡಾಕ್ಟರು ಅವನಿಗೆ ವಿವರಿಸುತ್ತಾ, “ಚಿನ್ನದ ಸರ ಆಗಿದ್ದಿದ್ರೆ ಎಳೆದ ತಕ್ಷಣ ತುಂಡಾಗಿಬಿಡ್ತಿತ್ತು. ಇಷ್ಟೆಲ್ಲ ಆಗ್ತಿರಲಿಲ್ಲ” ಎಂದರು. ಯಾರನ್ನೂ ದೂರುವ ದನಿಯಲ್ಲಿ ಹೇಳಿದ್ದಲ್ಲ. ಅಕಲಂಕ ತಲೆಯಾಡಿಸಿದ. ಗೋಡೆಗೆ ಒರಗಿ ನಿಂತಿದ್ದ ಹೇಮಲತಾ ಅಲ್ಲೇ ನೆಲಕ್ಕೆ ಕೂತಳು. ಬಿಸಿಲಿಗೆ ಹೀಗಾಗಿದೆ ಎಂದು ನರ್ಸ್ ನೀರು ಕೊಟ್ಟಳು.

ಪೊಲೀಸಿನವರು ಬಂದರು. ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್, “ಎಷ್ಟು ಗ್ರಾಂ ಇತ್ತಮ್ಮ” ಎಂದು ಕೇಳಿದ.

“ಚಿನ್ನ ಅಲ್ಲ ಸಾರ್. ದಾರದ್ದು.”

“ದಾರದ್ದು ಅಂದ್ರೆ?”

“ರಟ್ಟು, ಜರಿ ದಾರ. ಕೈಯಲ್ಲಿ ಮಾಡಿದ್ದು.”

ಆತ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದ. ಮಚ್ಚಿನಿಂದ ಹರಿದ ಹಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ. ಆಮೇಲೆ ‘ಚಿನ್ನದಂತೆ ಕಾಣುವ ದಾರದ ಹಾರ ಒಂದು’ ಎಂದು ಬರೆದುಕೊಂಡು, ಕೇಸಿನ ಸಾಮಾನು ಎಂದು ತೆಗೆದುಕೊಂಡು ಹೋದ.

ಮನೆಗೆ ಬಂದ ಮೇಲೆ ಹೇಮಲತಾಳ ಕೈ ಸೋತಿತು. ಹಸುವಿನ ಕೆಚ್ಚಲು ಹಿಡಿದರೆ ಬೆರಳಿಗೆ ಬಲವೇ ಇಲ್ಲ. ಶಿವಪ್ರಕಾಶನೇ ಎರಡು ದಿನ ಹಾಲು ಕರೆದ. ಮೂರನೆಯ ದಿನ ಅವನ ಹತ್ತಿರ ಡಾಕ್ಟರು ಅಂದದ್ದನ್ನು ಹೇಳಿದಳು. ಅವನು, “ಕಳ್ಳ ಎಳ್ದಿದ್ದಕ್ಕೆ ನೀನೇನ್ ಮಾಡ್ತೀಯ. ದಾರ ಗಟ್ಟಿ ಇರ್ಬೇಕು ಅಂತ ತಾನೇ ಎಲ್ರೂ ಮಾಡೋದು” ಎಂದ. ಸಮಾಧಾನಕ್ಕೆ ಹೇಳಿದ ಮಾತು. ಅದು ಅವಳನ್ನು ಇನ್ನಷ್ಟು ಬೆಚ್ಚಿಬೀಳಿಸಿತು. ಎಲ್ಲರಿಗೂ ಗಟ್ಟಿಯಾಗಿಯೇ ಮಾಡಿಕೊಟ್ಟಿದ್ದಳಲ್ಲ.

ಒಂದೊಂದೇ ಕೊರಳು ಕಣ್ಣ ಮುಂದೆ ಬಂತು. ಅರಸೀಕೆರೆಯಲ್ಲಿ ಕಾಲೇಜಿಗೆ ಹೋಗುವ ತಂಗಿಯ ಮಗಳು ಸಿರಿ. ಹಗರೆಯ ಗುರುಸಿದ್ದಮ್ಮ. ಜಾವಗಲ್ಲಿನ ಮುದ್ದಮ್ಮಜ್ಜಿ. ಹತ್ತೊಂಬತ್ತು ಸರ. ಬಸ್ಸಿನ ಬಾಗಿಲಿಗೆ, ಮಿಷನ್ನಿನ ಚಕ್ರಕ್ಕೆ, ಎಮ್ಮೆಯ ಕೋಡಿಗೆ ಸಿಕ್ಕಿಕೊಂಡರೂ ಸಾಕು. ಆಗಲೇ ಸಿರಿಗೆ ಫೋನ್ ಮಾಡಿದಳು.

“ಸಿರಿ, ಆ ಕೆಂಪು ಮಣಿ ಸರ ಎಲ್ಲೈತೆ?”

“ಹಾಕ್ಕೊಂಡಿದೀನಿ ದೊಡ್ಡಮ್ಮ. ಬಸ್ಸಲ್ಲಿದೀನಿ. ಯಾಕೆ?”

“ಬಿಚ್ಚು. ಈಗ್ಲೇ ಬಿಚ್ಚು. ಬ್ಯಾಗಿಗೆ ಹಾಕ್ಕೊ.”

“ಏನಾಯ್ತು ದೊಡ್ಡಮ್ಮ?”

“ಬಿಚ್ಚಿದ್ಯಾ?”

“ಬಿಚ್ಚಿದೆ.”

ಅವಳು ಫೋನ್ ಇಟ್ಟಾಗ ರವಿಕೆಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ಅರಸೀಕೆರೆ ಬಸ್ಸು ಹತ್ತಿದಳು. ಆ ವಾರವೆಲ್ಲ ಹೀಗೇ ಕಳೆಯಿತು. ಕೊಟ್ಟದ್ದನ್ನು ವಾಪಸ್ಸು ಕೇಳುವುದು ಸುಲಭವಾಗಿರಲಿಲ್ಲ. “ದಾರ ಬದಲಾಯಿಸಿ ಕೊಡ್ತೀನಿ” ಎಂದರೆ ಜನ ನಂಬುತ್ತಿರಲಿಲ್ಲ. ಗುರುಸಿದ್ದಮ್ಮ ಮುಖ ಸಿಂಡರಿಸಿಕೊಂಡು, “ಬೇರೆ ಯಾರಿಗಾರಾ ಕೊಡ್ಬೇಕಿತ್ತಾ? ಹಂಗಂತ ಹೇಳಮ್ಮ” ಎಂದು ಸರವನ್ನು ಕೈಗೆ ಕೊಡದೆ ಜಗುಲಿಯ ಮೇಲೆ ಇಟ್ಟರು. ಮುದ್ದಮ್ಮಜ್ಜಿಯ ಮನೆಯಲ್ಲಿ ಸರವೇ ಇರಲಿಲ್ಲ. ಅಜ್ಜಿ ಮಣಿಗಳನ್ನು ಬಿಚ್ಚಿ ಮೊಮ್ಮಗಳಿಗೆ ಕೊಟ್ಟು, ದಾರದಲ್ಲಿ ಅಡುಗೆಮನೆಯ ತೊಲೆಗೆ ತುಪ್ಪದ ಗಡಿಗೆ ತೂಗುಹಾಕಿದ್ದಳು. “ಏನ್ ಗಟ್ಟಿ ಐತೆ ಕಣವ್ವ ನಿನ್ ದಾರ. ಇಲಿ ಕಡಿದ್ರೂ ಜಗ್ಲಿಲ್ಲ,” ಎಂದು ಮೆಚ್ಚಿಕೊಂಡಳು. ಹೇಮಲತಾ ತೂಗಾಡುವ ಗಡಿಗೆಯನ್ನು ನೋಡುತ್ತಾ ನಿಂತಳು. ಅಜ್ಜಿ ಕಾಫಿ ಕೊಟ್ಟದ್ದು ಆರಿಹೋಯಿತು.

ಹದಿನೆಂಟು ಸರ ಮನೆಗೆ ಬಂದವು. ಒಂದೊಂದನ್ನೂ ಕತ್ತರಿಸಿ, ಮಾಮೂಲಿ ಹತ್ತಿ ನೂಲಿನ ಒಂದೇ ಎಳೆಯಲ್ಲಿ ಪೋಣಿಸಿದಳು. ಎರಡು ಬೆರಳಲ್ಲಿ ಜಗ್ಗಿ ನೋಡುವಳು. ಹರಿಯದಿದ್ದರೆ ಇನ್ನೂ ತೆಳುವಾದ ನೂಲು. ಮೊದಲು ಹರಿದರೆ ಬೇಸರಪಡುತ್ತಿದ್ದವಳು ಈಗ ಹರಿಯಲಿ ಎಂದು ಕಾಯುತ್ತಿದ್ದಳು.

ಈ ನಡುವೆ ಕಳ್ಳರಲ್ಲಿ ಒಬ್ಬ ಸಿಕ್ಕಿಬಿದ್ದ. ಮದುವೆಗೆ ಯಾರನ್ನೋ ಕರೆತಂದಿದ್ದ ಬಾಡಿಗೆ ಕಾರಿನ ಡ್ರೈವರು. ಛತ್ರದಲ್ಲಿ ಊಟ ಮಾಡುತ್ತಾ ಹೆಂಗಸರ ಮಾತು ಕೇಳಿಸಿಕೊಂಡು, ಕಾರು ಅಲ್ಲೇ ಬಿಟ್ಟು ಸ್ನೇಹಿತನ ಬೈಕು ಹತ್ತಿದ್ದನಂತೆ. ಹೆಂಗಸರ ಮಾತು ಎಂದರೆ ಏನು ಮಾತು ಎಂದು ಹೇಮಲತಾಳಿಗೆ ಹೊಳೆಯಲಿಲ್ಲ.

ದರ್ಶಿನಿ ಮನೆಗೆ ಬಂದು ವಾರವಾದ ಮೇಲೆ ಒಂದು ಮಧ್ಯಾಹ್ನ ಹೇಮಲತಾ ಬಸ್ತಿಹಳ್ಳಿಗೆ ಹೋದಳು. ಹೊಸದಾಗಿ ಪೋಣಿಸಿದ ಒಂದು ಸರ ಚೀಲದಲ್ಲಿತ್ತು. ಕಾಂಚನಮಾಲಾ ಅವರು ಒಳಕೋಣೆಯಲ್ಲಿ ಜಪದ ಮಣಿ ಹಿಡಿದು ಕೂತಿದ್ದರು. ಎಂಬತ್ತರ ಹತ್ತಿರದ, ಕಡ್ಡಿಯಂತಹ ಹೆಂಗಸು. ದರ್ಶಿನಿ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ತೋಳು ಜೋಳಿಗೆಯಲ್ಲಿ, ಕೊರಳ ಸುತ್ತ ನೇರಳೆ ಗೆರೆ.

ಹೇಮಲತಾ ಕೂತವಳೇ ಹೇಳಿಬಿಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಬರಲಿಲ್ಲ.

“ಅದು ಗಾಳದ ದಾರ ಕಣೇ. ಮೀನು ಹಿಡಿಯೋದು. ನಿನಗೆ ಹೇಳಿರ್ಲಿಲ್ಲ. ನಾಲ್ಕು ಎಳೆ ಹಾಕಿದ್ದೆ. ಬರೀ ನೂಲಾಗಿದ್ರೆ ಅವನ ಕೈಗೆ ಬಂದುಬಿಡ್ತಿತ್ತು. ನಿನಗೆ ಹಿಂಗಾಗಿದ್ದು ನನ್ನಿಂದ.”

ದರ್ಶಿನಿ ಬಾಯಿ ತೆರೆದಳು. ದನಿ ಬಂದಾಗ ಅದು ಅವಳದಾಗಿರಲಿಲ್ಲ. ಒಣಗಿದ ಗರಿ ಎಳೆದಂತಿತ್ತು.

“ನಾನೇ ಹೇಳಿದ್ದು ಹೇಮಕ್ಕ.”

“ಏನ್ ಹೇಳಿದ್ದು?”

“ನೂರಿಪ್ಪತ್ತು ಗ್ರಾಂ ಅಂತ. ನಮ್ಮಮ್ಮ ಕೊಟ್ಟಿದ್ದು ಅಂತ. ಛತ್ರದಲ್ಲಿ.” ಉಸಿರು ತೆಗೆದುಕೊಂಡಳು. “ಯಜಮಾನ್ರ ಆಪರೇಷನ್‌ಗೆ ನನ್ನ ಒಡವೆಯೆಲ್ಲ ಹೋಯ್ತಲ್ಲ. ಪ್ರತಿ ಮದುವೇಲೂ ಬರೀ ಕೊರಳು ನೋಡ್ತಾರೆ. ಏನೂ ಕೇಳಲ್ಲ, ನೋಡ್ತಾರೆ. ಅವತ್ತು ಯಾರೋ ಎಷ್ಟು ಗ್ರಾಂ ಅಂದ್ರು. ಬಾಯಿಗೆ ಬಂದುಬಿಡ್ತು.”

ಹೇಮಲತಾ ಅವಳನ್ನೇ ನೋಡಿದಳು. ಇಷ್ಟು ದಿನ ಹೊತ್ತ ಭಾರ ಇಳಿಯಬೇಕಿತ್ತು. ಅದರ ಬದಲು ಬಂದದ್ದು ಸಿಟ್ಟು.

“ನಾನು ಮಾಡಿದ್ದು ಅಂತ ಹೇಳ್ಲಿಲ್ವ ನೀನು?”

“ಇಲ್ಲ.”

“ಎರಡು ತಿಂಗಳು ಕೂತಿದ್ದೀನಿ. ಗೋಡೆ ಮುಂದೆ ಕೂತು ಬರ್ಕೊಂಡಿದ್ದೀನಿ. ನಾನು ಅಲ್ಲೇ ಕೂತಿದ್ದೆ ಕಣೇ, ನೀನು ಕರೀತೀಯ ಅಂತ.”

ಕೊರಳಿಗೆ ಗಾಯವಾದವಳ ಮೇಲೆ ತಾನು ಹೀಗೆ ದನಿ ಎತ್ತಿದ್ದು ಕೇಳಿ ಅವಳಿಗೇ ಗಾಬರಿಯಾಯಿತು. ಬಾಯಿಗೆ ಸೆರಗು ಒತ್ತಿಕೊಂಡಳು. ದರ್ಶಿನಿಯ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲು ಒಂದೇ ಕೈ ಇತ್ತು, ಅದನ್ನೂ ಎತ್ತಲಿಲ್ಲ. “ತಪ್ಪಾಯ್ತು” ಎಂದು ತುಟಿ ಮಾತ್ರ ಆಡಿತು.

ಒಳಕೋಣೆಯ ಬಾಗಿಲಲ್ಲಿ ಕಾಂಚನಮಾಲಾ ನಿಂತಿದ್ದರು.

“ಆ ದಾರ ಹೊಸದೇನಮ್ಮ, ಇಲ್ಲಾ ಮೀನು ಹಿಡಿದದ್ದೋ?” ಎಂದು ಕೇಳಿದರು.

“ಹೊಸದು ಅಮ್ಮಾರೇ. ಅಂಗಡಿಯಿಂದ ತಂದಿದ್ದು.”

“ಸರಿ.” ಅವರು ಬಂದು ಕುರ್ಚಿಯ ಮೇಲೆ ಕೂತರು. ಸೊಸೆಯ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. “ಚೀಲದಲ್ಲೇನಿದೆ?”

ಹೇಮಲತಾ ಸರ ತೆಗೆದಳು. ನೀಲಿ ಮಣಿಯ ಸಣ್ಣ ಸರ. ಊರೂರು ತಿರುಗಿ ವಾಪಸ್ಸು ತಂದದ್ದು, ನೂಲು ಬದಲಾಯಿಸಿದ್ದು ಎಲ್ಲ ಹೇಳಿದಳು. “ಈಗ ಎಳೆದ್ರೆ ಬರುತ್ತೆ. ಕೈಯಲ್ಲಿ ನೋಡಿದ್ದೀನಿ. ಕೊರಳಲ್ಲಿ ಹಾಕಿ ನೋಡಿಲ್ಲ.” ಹಾಗೆಂದು ತಾನೇ ಕೊರಳಿಗೆ ಹಾಕಿಕೊಂಡು ಮಂಚದ ಹತ್ತಿರ ಬಾಗಿದಳು. “ಎಳಿ, ದರ್ಶಿನಿ.”

ದರ್ಶಿನಿ ಕೈ ಚಾಚಿದಳು. ಬೆರಳು ಮಣಿಯನ್ನು ಮುಟ್ಟಿತು, ಹಿಂದೆ ಸರಿಯಿತು. “ನನ್ನಿಂದ ಆಗಲ್ಲ” ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಕಾಂಚನಮಾಲಾ ಕುರ್ಚಿಯಿಂದ ಎದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಹಿಂದಿನಿಂದ ಬಂದು, ಸರಕ್ಕೆ ಕೈ ಹಾಕಿ ಬಲವಾಗಿ ಜಗ್ಗಿದರು. ಹೇಮಲತಾ ಒಂದು ಹೆಜ್ಜೆ ಮುಗ್ಗರಿಸಿದಳು. ನೂಲು ಹರಿಯುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ಕೊರಳು ಬಿಗಿಯಿತು. ಉಸಿರು ನಿಂತಿತು. ಆಮೇಲೆ ಟಪ್ಪೆಂದು ಬಿಟ್ಟುಕೊಂಡಿತು. ಮಣಿಗಳು ಕೆಂಪು ಗಾರೆಯ ನೆಲದ ಮೇಲೆ ಪುಟಿಯುತ್ತಾ ಮಂಚದ ಕೆಳಗೆ, ಬಾಗಿಲ ಕಡೆ, ದೇವರ ಮನೆಯ ಹೊಸ್ತಿಲವರೆಗೆ ಓಡಿದವು.

ಮುದುಕಿ ಕೈಯಲ್ಲಿ ಉಳಿದ ನೂಲನ್ನು ನೋಡಿದರು. “ಬಂತು,” ಎಂದರು.

ಹೇಮಲತಾ ಎರಡೂ ಕೈಯಲ್ಲಿ ಕೊರಳು ಹಿಡಿದುಕೊಂಡು ನೆಲಕ್ಕೆ ಕೂತಿದ್ದಳು. ಅಷ್ಟೇ ಹೊತ್ತಿಗೆ ತನಗೆ ಇಷ್ಟಾದರೆ, ಇಪ್ಪತ್ತು ಮಾರು ಎಳೆಸಿಕೊಂಡವಳಿಗೆ, ಎಂದು ಯೋಚನೆ ಶುರುವಾಗಿ ಅಲ್ಲೇ ನಿಂತಿತು. ಮುಂದಕ್ಕೆ ಹೋಗಲು ಅವಳು ಬಿಡಲಿಲ್ಲ.

ದರ್ಶಿನಿ ಮಂಚದಿಂದ ಬಾಗಿ, ಹೇಮಲತಾಳ ಕೈಗಳನ್ನು ಪಕ್ಕಕ್ಕೆ ಸರಿಸಿ ಕೊರಳ ಮೇಲೆ ಬೆರಳಾಡಿಸಿದಳು. ಗೆರೆ ಇರಲಿಲ್ಲ.

“ನೋವಾಯ್ತಾ ಹೇಮಕ್ಕ?” ಎಂದು ಆ ಹೊಸ ದನಿಯಲ್ಲಿ ಕೇಳಿದಳು.

“ಇಲ್ಲ ಕಣೇ.”

ಕಾಂಚನಮಾಲಾ ಆಗಲೇ ಒಂದು ಸ್ಟೀಲ್ ಬಟ್ಟಲು ತಂದು ನೆಲದ ಮೇಲಿಟ್ಟಿದ್ದರು. ಹೇಮಲತಾ ಮಂಚದ ಕೆಳಗೆ ತೂರಿದಳು. ದರ್ಶಿನಿ ಮೇಲಿನಿಂದ ಎಲ್ಲೆಲ್ಲಿ ಮಣಿ ಕಾಣುತ್ತಿದೆ ಎಂದು ಬೆರಳು ತೋರಿಸುತ್ತಾ ಹೋದಳು.